ಕಹಿಗೆಡ್ಡೆಯ ಕೊನೆಮಾತು

ಫೆಬ್ರವರಿ ೩

ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಹ್ಞೂಂ, ಹ್ಞೂಂ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಆ ಆಮೇಲೆಗೆ ಈಗ ಎರಡು ವರ್ಷ ತುಂಬಿತು. ಕಾಗದವಾದರೆ ಹರಿಯುವ ಮೊದಲು ಒಂದು ಸಲ ಓದಿಯೇ ಓದುತ್ತೀಯ, ತಂಗಿಯ ಕುತೂಹಲ ನನಗೆ ಗೊತ್ತಿಲ್ಲವೇ. ಅದಕ್ಕೇ ಬರೆಯಲು ಕೂತಿದ್ದೇನೆ.

ಗುಡ್ಡ ಸಿಕ್ಕಿತು ಕಣೇ. ಮೂವತ್ತೊಂದು ವರ್ಷದ ಮೇಲೆ ತಂತಿಬೇಲಿಯ ಗೇಟು ತೆಗೆದು ನಮ್ಮ ಜನರನ್ನು ಒಳಗೆ ಬಿಟ್ಟರು. ಬೇಲಿ ಹಾಕಿದ್ದ ಸರ್ಕಾರಿ ಕಚೇರಿಯವರದು ಒಂದೇ ಷರತ್ತು. ಗುಡ್ಡ ಬೇಕು ಎಂದು ನಾವು ಕೇಳಿದ್ದು ನಮ್ಮ ಹಿರಿಯರ ಆಹಾರಕ್ಕಾಗಿ, ಆದ್ದರಿಂದ ಸತತ ಎರಡು ಹಂಗಾಮು ಕಹಿಗೆಡ್ಡೆ ಅಗೆದು, ಬೇಯಿಸಿ, ಜನ ಉಂಡದ್ದನ್ನು ತೋರಿಸಬೇಕು. ಒಂದು ಹಂಗಾಮು ತಪ್ಪಿದರೂ ಗೇಟು ಮತ್ತೆ ಮುಚ್ಚುತ್ತದೆ.

ನೀನು ಊರು ಬಿಟ್ಟಾಗ ನಮ್ಮ ಕೇರಿಯ ಸಂಘವೆಂದರೆ ನಾನು ಮತ್ತು ಒಂದು ರಬ್ಬರ್ ಸ್ಟಾಂಪು. ಈಗ ಬಂದರೆ ಗುರುತು ಹಿಡಿಯಲಾರೆ. ಹಳೆಯ ತೂಕದ ಗೋದಾಮನ್ನೇ ಅಡುಗೆಮನೆ ಮಾಡಿದ್ದೇವೆ. ನಾಲ್ಕು ಒಲೆ, ಎರಡು ಸಿಮೆಂಟಿನ ತೊಟ್ಟಿ, ಗೋಡೆಗುಂಟ ಬೆಂಚು. ತಕ್ಕಡಿ ಕಟ್ಟುತ್ತಿದ್ದ ಕೊಕ್ಕೆಗಳಿಗೆ ಸೌಟು ನೇತುಹಾಕುತ್ತೇವೆ. ಮಧ್ಯಾಹ್ನ ಅರವತ್ತು ತಟ್ಟೆ. ಆದರೆ ಇಷ್ಟು ವರ್ಷ ಬೇಯಿಸಿದ್ದು ಮೂಟೆಯಲ್ಲಿ ಬಂದದ್ದನ್ನು. ಯಾರೋ ಬೆಳೆದು ಯಾರೋ ಕಳಿಸಿದ್ದು ಹೊಟ್ಟೆಗೆ ಹೋಗುತ್ತದೆ, ಮೈಗೆ ಹತ್ತುವುದಿಲ್ಲ. ಕೇರಿಯ ಮಕ್ಕಳಿಗೆ ಕಹಿಗೆಡ್ಡೆ ಎಂದರೆ ಗೊತ್ತೇ ಇಲ್ಲ. "ಆಲೂಗಡ್ಡೆಗೆ ಅಣ್ಣ ಆಗ್ಬೇಕಾ?" ಎಂದು ಒಬ್ಬಳು ಕೇಳಿದಳು. ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

ಜೊತೆಯಲ್ಲಿ ಒಂದು ಕರಪತ್ರ ಇಟ್ಟಿದ್ದೇನೆ. "ಕಹಿಗೆಡ್ಡೆ ಹದಮಾಡುವ ಕ್ರಮ: ಎಂಟು ಹಂತಗಳು." ಹಾಗೇ ತಿಂದರೆ ವಿಷ, ಹದ ಬಲ್ಲವರಿಗೆ ಮಾತ್ರ ಊಟ ಎಂದು ನಿನಗೆ ಹೇಳಬೇಕಾಗಿಲ್ಲ. ಅಮ್ಮ ತೀರಿಕೊಂಡ ವರ್ಷ ಅವಳ ಬಾಯಿಂದಲೇ ನಾನು ಟೇಪಿಗೆ ತುಂಬಿಸಿಕೊಂಡಿದ್ದೆನಲ್ಲ, ಅದನ್ನು ಈಗ ತೆಗೆದು ಕೇಳಿ ಬರೆದದ್ದು. ಅಡುಗೆಮನೆಯಲ್ಲೇ ಟೇಪು ಹಾಕಿದ್ದೆ. ನಡುವೆ ಅಮ್ಮ ಕೆಮ್ಮಿದಳು. ನಮ್ಮ ದೊಡ್ಡ ಅಡುಗೆಯವಳು, ಎಲ್ಲರೂ ಒಲೆಯಕ್ಕ ಎನ್ನುತ್ತಾರೆ, ಸೌಟು ಬಿಟ್ಟು ತಿರುಗಿ ನೋಡಿದಳು. ಟೇಪು ಮುಗಿದ ಮೇಲೂ ಉಗ್ರಾಣದ ಕಡೆಯಿಂದ ಇನ್ನೊಂದು ಕೆಮ್ಮು ಕೇಳಿತು. ಹೋಗಿ ನೋಡಿದೆ. ಮೂಟೆಗಳು, ಒಂದು ಏಣಿ. ನಡುಮಧ್ಯಾಹ್ನ.

ಮಾರ್ಚ್ ಹತ್ತಕ್ಕೆ ಮೊದಲ ಊಟ. ನೀನು ಬಾ. ಅಮ್ಮನ ಇಬ್ಬರು ಮಕ್ಕಳೂ ಇರಬೇಕು.

ನಿನ್ನ ಅಕ್ಕ


ಫೆಬ್ರವರಿ ೧೯

ಅಕ್ಕನಿಗೆ,

ಓದಿದೆ, ಹರಿಯಲಿಲ್ಲ. ಸಮಾಧಾನವೇ?

ನಾನು ಚೆನ್ನಾಗಿದ್ದೇನೆ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಬಲು ದೊಡ್ಡದು. ಬೆಲ್ಟಿನ ಮೇಲೆ ಬರುವ ಬಿಸ್ಕತ್ತಿನಲ್ಲಿ ಮುರಿದದ್ದನ್ನು ಹೆಕ್ಕಿ ಬುಟ್ಟಿಗೆ ಹಾಕುವುದು. ಒಂಬತ್ತು ವರ್ಷದಿಂದ ಮುರಿದದ್ದನ್ನೇ ನೋಡಿ ನೋಡಿ ಈಗ ಮನುಷ್ಯರನ್ನು ಕಂಡರೂ ಮೊದಲು ಅಂಚು ನೋಡುತ್ತೇನೆ. ಕೆಲವು ದಿನ ಬೆಲ್ಟಿನ ಮೇಲೆ ಬಿಸ್ಕತ್ತಿನ ಬದಲು ಗೆಡ್ಡೆಯ ಬಿಲ್ಲೆಗಳು ಬರುತ್ತಿರುವ ಹಾಗೆ ಕಾಣುತ್ತದೆ. ಅಮ್ಮ ಕೊಯ್ಯುತ್ತಿದ್ದ ಹಾಗೆ ತೆಳ್ಳಗೆ, ಬೆಳ್ಳಗೆ. ಕೈ ಒದ್ದೆಯಾದಂತೆ ಅನಿಸುತ್ತದೆ. ಯಾರಿಗೂ ಹೇಳಿಲ್ಲ, ಹುಚ್ಚು ಹಿಡಿದಿದೆ ಎನ್ನುತ್ತಾರೆ.

ಬರುವುದಿಲ್ಲ. ಯಾಕೆ ಎಂದು ನೀನು ಕೇಳುವುದಿಲ್ಲ, ಆದರೂ ಬರೆಯುತ್ತೇನೆ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಅಷ್ಟು ಜನರ ಮುಂದೆ ನಿಂತು ನೀನು ಹೇಳಿದೆ, "ಅಮ್ಮ ನನ್ನ ಕೈ ಹಿಡಿದು ಗುಡ್ಡ ತೋರಿಸಿದಳು" ಎಂದು. ಎಲ್ಲರೂ ಕಣ್ಣೊರೆಸಿಕೊಂಡರು. ಅಮ್ಮ ಗುಡ್ಡ ತೋರಿಸುತ್ತಿದ್ದ ಕಾಲಕ್ಕೆ ನಿನ್ನ ಕೈ ಹಾಸ್ಟೆಲಿನಲ್ಲಿ ಪೆನ್ನು ಹಿಡಿದಿತ್ತು ಅಕ್ಕ. ಬೇಲಿಯ ಕೆಳಗೆ ತೆವಳಿ ಅಮ್ಮನ ಹಿಂದೆ ಹೋಗುತ್ತಿದ್ದದ್ದು ನಾನು. ಸಣ್ಣವಳು ತೂರುತ್ತಾಳೆ ಎಂದು ನನ್ನನ್ನು ಕರೆದೊಯ್ಯುತ್ತಿದ್ದಳು. ತಂತಿಯ ಗೀರು ಇನ್ನೂ ಬೆನ್ನ ಮೇಲಿದೆ.

ಇರಲಿ. ಕರಪತ್ರ ನೋಡಿದೆ, ಮುದ್ರಣ ಚೆನ್ನಾಗಿದೆ. ಎಂಟು ಹಂತ ಎಣಿಸಿದೆ. ಎಂಟೇ ಇದೆ. ಕೊನೆಮಾತು ಎಲ್ಲಿ? ಹಾಸ್ಟೆಲಿನಲ್ಲಿ ಓದಿದವಳಿಗೆ ಮರೆತಿರಬಹುದು ಎಂದು ನೆನಪಿಸುತ್ತೇನೆ. ನಮ್ಮ ಹೆಂಗಸರು ಏನು ಕಲಿಸಿದರೂ ಒಂದು ಮಾತು ಉಳಿಸಿಕೊಂಡೇ ಕಲಿಸುವುದು. ಜೊತೆಗೆ ಅಗೆದು, ಹೊತ್ತು, ತೊಳೆದವಳಿಗೆ ಮಾತ್ರ ಆ ಕೊನೆಮಾತು. ಕೇರಿಗೆ ಒಬ್ಬಳಿಗೆ. ಬೇರೆ ಕೇರಿಗಳ ಅಜ್ಜಿಯರು ಗುಡ್ಡಕ್ಕೆ ಬೇಲಿ ಹಾಕಿದ ಮೇಲೆ ಯಾರಿಗೂ ಕೊಡದೆ ಹೋದರು. ಉಳಿದದ್ದು ಅಮ್ಮನದೊಂದೇ.

ಅಮ್ಮ ನಿನಗೆ ಅದನ್ನು ಕೊಟ್ಟಿದ್ದಾಳೆಯೆ? ಹೌದು ಅಥವಾ ಇಲ್ಲ ಎಂದು ಬರೆ.

ಗುಬ್ಬಿ


ಫೆಬ್ರವರಿ ೨೭

ಗುಬ್ಬಿ,

ಕೊಟ್ಟಳು. ಆಸ್ಪತ್ರೆಯಲ್ಲಿ, ಕೊನೆಯ ವಾರ. ನೀನು ಔಷಧಿ ತರಲು ಹೋಗಿದ್ದೆ.

ಹಳೆಯದನ್ನು ಕೆದಕಬೇಡ. ಅಂದು ದುಃಖದಲ್ಲಿ ಏನು ಬಾಯಿಗೆ ಬಂತೋ ಅದನ್ನು ಹೇಳಿದೆ. ಇನ್ನು ಕೊನೆಮಾತಿನ ವಿಷಯ. ಬೇರೇನೂ ತಮ್ಮದೆನ್ನಲು ಇಲ್ಲದ ಕಾಲದಲ್ಲಿ ಹೆಂಗಸರು ಕಟ್ಟಿಕೊಂಡ ಜಂಬ ಅದು. ಗುಟ್ಟು ಮಾಡಿ ಮಾಡಿಯೇ ನಮ್ಮ ಅರ್ಧ ಆಹಾರ ಮಣ್ಣುಪಾಲಾಯಿತು. ಸಂಘದಲ್ಲಿ ಒಬ್ಬರಿಗೆ ಗೊತ್ತಿದ್ದು ಎಲ್ಲರಿಗೂ ಗೊತ್ತಿರಬೇಕು ಎಂಬುದು ನನ್ನ ನಿಯಮ. ಎಂಟು ಹಂತದಲ್ಲಿ ಎಲ್ಲವೂ ಇದೆ. ಮೂರು ದಿನ ಹರಿಯುವ ನೀರು, ಬೂದಿ, ಎರಡು ಕುದಿ, ಏನೂ ಬಿಟ್ಟಿಲ್ಲ.

ಛತ್ರಿ ಮಾವ ನಿನ್ನನ್ನು ಕೇಳಿದ. ನೆನಪಿದೆಯಲ್ಲ, ಮೂಲೆಯಲ್ಲಿ ಕೂತು ಛತ್ರಿ ರಿಪೇರಿ ಮಾಡುವವನು. ಎಂಬತ್ತು ಹತ್ತಿರವಾಯಿತು. "ಸಾಯೋದ್ರೊಳಗೆ ಒಂದ್ಸಲ ಗೆಡ್ಡೆ ತಿನ್ನಿಸಿಬಿಡು ಮಗಳೇ, ಆಮೇಲೆ ಯಾವ ಬಾಗಿಲಿಗೆ ಬೇಕಾದ್ರೂ ಹೋಗ್ತೀನಿ" ಎನ್ನುತ್ತಾನೆ. ಅವನಿಗಾದರೂ ಬಾ.

ಅಕ್ಕ


ಮಾರ್ಚ್ ೨೬

ಗುಬ್ಬಿ,

ನಿನಗೆ ಯಾರಾದರೂ ಹೇಳಿರಬೇಕು. ಆದರೂ ನಾನೇ ಬರೆಯಬೇಕು.

ಹತ್ತನೇ ತಾರೀಖು ಅರವತ್ತೆರಡು ಜನ ಬಂದಿದ್ದರು. ಗೆಡ್ಡೆ ಬೆಳ್ಳಗೆ, ಮೆತ್ತಗೆ ಬೆಂದಿತ್ತು, ಕಹಿಯ ಸುಳಿವೇ ಇಲ್ಲ. ಮುದುಕರು ಕಣ್ಣು ಮುಚ್ಚಿಕೊಂಡು ತಿಂದರು. ಕೆಲವರು ಅಳುತ್ತ ತಿಂದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇಷ್ಟು ವರ್ಷ ಕಚೇರಿಯಿಂದ ಕಚೇರಿಗೆ ಅಲೆದದ್ದು ಇದಕ್ಕೇ ಅನಿಸಿತು. ನಿನಗೆ ಸುಳ್ಳು ಹೇಳುವುದಿಲ್ಲ, ಅಮ್ಮನಿಗಿಂತ ನಾನು ದೊಡ್ಡವಳಾದೆ ಎಂದೂ ಅನಿಸಿತು.

ನಾಲ್ಕು ಗಂಟೆಯ ಹೊತ್ತಿಗೆ ವಾಂತಿ ಶುರುವಾಯಿತು. ಮೊದಲು ಇಬ್ಬರು, ಆಮೇಲೆ ಬೆಂಚು ಬೆಂಚೇ. ಹದಿನೈದು ಜನ. ನಿಲ್ಲಲಾಗದೆ ಗೋಡೆ ಹಿಡಿದು ಕೂತರು. ಬೇರೆಯವರು ಸ್ವಲ್ಪ ಸ್ವಲ್ಪ ತಿಂದಿದ್ದರು, ಬಚಾವಾದರು. ಛತ್ರಿ ಮಾವ ಮೂರು ಸಲ ಬಡಿಸಿಕೊಂಡಿದ್ದ. ಬಡಿಸಿದವಳು ನಾನೇ. ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಅವನ ಕೈಕಾಲು ಸೆಟೆದುಕೊಂಡಿದ್ದವು. ಮರುದಿನ ಬೆಳಗ್ಗೆ ಹೋದ. ಅವನ ಹೆಂಡತಿ ಛತ್ರಿ ಅತ್ತೆಯೂ ಒಂದು ತುಂಡು ತಿಂದಿದ್ದಳು, ಪಕ್ಕದ ಹಾಸಿಗೆಯಲ್ಲೇ ಇದ್ದಳು. ಅವನು ಹೋದದ್ದನ್ನು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಆರೋಗ್ಯ ಅಧಿಕಾರಿ ಅಡುಗೆಮನೆಗೆ ಮೊಹರು ಹಾಕಿ ಹೋಗಿದ್ದಾನೆ.

ಎಂಟೂ ಹಂತ ಮಾಡಿದ್ದೆವು. ಕರಪತ್ರವನ್ನು ತೊಟ್ಟಿಯ ಮೇಲೆ ಅಂಟಿಸಿ, ಒಂದೊಂದಕ್ಕೂ ಗುರುತು ಹಾಕಿ ಮಾಡಿದ್ದೆವು. ಎಲ್ಲಿ ತಪ್ಪಿತು?

ಅಕ್ಕ


ಏಪ್ರಿಲ್ ೩೦

ಗುಬ್ಬಿ,

ನಿನ್ನಿಂದ ಉತ್ತರ ಬರಲಿಲ್ಲ. ಪರವಾಗಿಲ್ಲ, ಇದನ್ನೂ ಓದು.

ಈಗ ಗೋದಾಮಿನ ಹೊರಗೆ ತಗಡಿನ ಕೆಳಗೆ ಒಲೆ ಹೂಡಿ ಮತ್ತೆ ಮೂಟೆಯದನ್ನೇ ಬೇಯಿಸುತ್ತಿದ್ದೇವೆ. ಬರುವವರು ಮೂವತ್ತು ಜನ ಇರಬಹುದು. ನನ್ನ ಕೈಯಿಂದ ಬಡಿಸಿಕೊಳ್ಳುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ, ನಾನು ಸೌಟು ಹಿಡಿದರೆ ಸಾಲು ಮೆಲ್ಲಗೆ ಒಲೆಯಕ್ಕನ ಕಡೆಗೆ ಸರಿಯುತ್ತದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದಿನಾ ಒಂದು ತಟ್ಟೆ ಹೆಚ್ಚಿಗೆ ಬರುತ್ತದೆ. ಎಣಿಸಿಯೇ ಜೋಡಿಸುತ್ತೇವೆ, ಕೊನೆಗೆ ಒಂದು ಉಳಿಯುತ್ತದೆ. ಒಲೆಯಕ್ಕ ನಾನು ಇಟ್ಟೆ ಎನ್ನುತ್ತಾಳೆ, ನಾನು ಅವಳು ಇಟ್ಟಳು ಎನ್ನುತ್ತೇನೆ. ನಿನ್ನೆ ಬಿಸಿಲಲ್ಲಿ ಸಾಲಿನ ಕೊನೆಯಲ್ಲಿ ಅವನು ನಿಂತಿದ್ದ. ಬಗಲಲ್ಲಿ ಮಡಿಸಿದ ಛತ್ರಿ. ತಟ್ಟೆ ಒಡ್ಡಿರಲಿಲ್ಲ, ಸುಮ್ಮನೆ ಸರದಿಗೆ ನಿಂತಿದ್ದ. ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು. ಅವನ ಮೂಲೆಯಲ್ಲಿ ಇನ್ನೂ ಹನ್ನೊಂದು ಛತ್ರಿಗಳಿವೆಯಂತೆ, ಅವುಗಳನ್ನು ಕೊಟ್ಟವರು ಯಾರೂ ತೆಗೆದುಕೊಂಡು ಹೋಗಲು ಬರುತ್ತಿಲ್ಲ.

ಛತ್ರಿ ಅತ್ತೆಯ ಮನೆಗೆ ಹೋಗಿದ್ದೆ. ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಂದೇ ಕೇಳಿದಳು: "ನಿನಗೆ ಹದ ಗೊತ್ತಿತ್ತಾ, ಇಲ್ವಾ? ಗೊತ್ತಿಲ್ಲ ಅಂದ್ರೆ ಯಾಕೆ ಬಡಿಸ್ದೆ?"

ಅವಳಿಗೆ ಹೇಳಲಾರದ್ದನ್ನು ನಿನಗೆ ಹೇಳುತ್ತೇನೆ. ಅಮ್ಮ ನನಗೆ ಕೊನೆಮಾತು ಕೊಡಲಿಲ್ಲ. ಆಸ್ಪತ್ರೆಯ ಕತೆ ನಾನು ಕಟ್ಟಿದ್ದು. ಮೊನ್ನೆ ಟೇಪು ಮತ್ತೆ ಹಾಕಿದೆ. ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ ಅಮ್ಮ ಮಾತು ನಿಲ್ಲಿಸಿದ್ದಾಳೆ. ನೀರು ಸುರಿಯುವ ಸದ್ದು ಮಾತ್ರ. ನಾನು "ಆಮೇಲೆ?" ಎನ್ನುತ್ತೇನೆ. ಅವಳು "ಆಮೇಲೆ ಒಬ್ಳೇ ಬಾ, ಹೇಳ್ತೀನಿ" ಎನ್ನುತ್ತಾಳೆ. ನಾನು ಹೋಗಲಿಲ್ಲ. ಆ ವಾರ ಸಭೆಯಿತ್ತು, ಮುಂದಿನ ವಾರ ಇನ್ನೊಂದು ಸಭೆ. ಬರೆದುಕೊಳ್ಳುವಾಗ ಆ ಜಾಗವನ್ನು ಹಾರಿಸಿಬಿಟ್ಟೆ.

ನಿನಗೆ ಗೊತ್ತಿದ್ದರೆ ಹೇಳು. ನಿನ್ನ ಕಾಲು ಹಿಡಿಯುತ್ತೇನೆ.

ಅಕ್ಕ


ಮೇ ೨೪

ಅಕ್ಕ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೂರು ಹರಿದು ಹಾಕಿದೆ.

ನನಗೆ ಗೊತ್ತಿತ್ತು.

ಕೊನೆಮಾತನ್ನು ಅಮ್ಮ ನನಗೆ ಕೊಟ್ಟಿದ್ದಳು, ಒಂಬತ್ತನೇ ವಯಸ್ಸಿನಲ್ಲಿ, ಹಳ್ಳದ ದಂಡೆಯ ಮೇಲೆ. ಅದನ್ನು ಇಬ್ಬರಿಗೆ ಕೊಡುವುದಿಲ್ಲ. ಹಾಗಾಗಿ "ಕೊಟ್ಟಳು" ಎಂದು ನೀನು ಬರೆದದ್ದು ಸುಳ್ಳೆಂದು ಓದಿದ ಕೂಡಲೇ ತಿಳಿಯಿತು. ಹತ್ತನೇ ತಾರೀಖಿಗೆ ಇನ್ನೂ ಒಂದು ವಾರವಿತ್ತು. ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ.

ಯಾಕೆ ಎಂದರೆ, ಹದ ತಪ್ಪಿದ ಗೆಡ್ಡೆ ಕಹಿ ಇರುತ್ತದೆ, ಜನ ಥೂ ಎಂದು ಉಗುಳುತ್ತಾರೆ, ಎಲ್ಲರ ಮುಂದೆ ನಿನ್ನ ಮುಖ ಸಣ್ಣಗಾಗುತ್ತದೆ, ಆಗ ನೀನೇ ನನ್ನ ಬಾಗಿಲಿಗೆ ಬಂದು ಕೇಳುತ್ತೀಯ ಎಂದುಕೊಂಡೆ. ಆವತ್ತು ಬೆಲ್ಟಿನ ಮುಂದೆ ನಿಂತು ನಿನ್ನ ಮುಖ ನೆನೆಸಿಕೊಂಡು ನಕ್ಕೆ ಕೂಡ. ಪಕ್ಕದವಳು "ಏನೇ, ಒಬ್ಳೇ ನಗ್ತೀಯ" ಎಂದಳು. ಆ ಹೊತ್ತಿಗೆ ಸರಿಯಾಗಿ ನೀನು ಮಾವನ ತಟ್ಟೆಗೆ ಬಡಿಸುತ್ತಿದ್ದೆಯೇನೋ.

ಕಹಿ ಹೋದ ಮೇಲೂ ವಿಷ ಉಳಿದಿರುತ್ತದೆ ಎಂದು ಅಮ್ಮ ಹೇಳಿದ್ದಳು. ಮರೆತಿತ್ತು ಎಂದು ಬರೆದರೆ ನೀನು ನಂಬಬಹುದು. ಮರೆತಿರಲಿಲ್ಲ. ಬೇಡವೆಂದು ಆ ಕಡೆ ನೋಡಲಿಲ್ಲ, ಅಷ್ಟೆ. ಈಗ ಬೇರೆ ಕಡೆ ನೋಡುವುದಕ್ಕೇ ಆಗುತ್ತಿಲ್ಲ. ಬಿಸ್ಕತ್ತು ಬಾಯಿಗಿಟ್ಟರೂ ಕೆಳದುಟಿ ಸತ್ತಂತೆ ಅನಿಸುತ್ತದೆ.

ಕೊನೆಮಾತನ್ನು ಕಾಗದದಲ್ಲಿ ಬರೆಯಬಾರದು. ಬರೆಯುತ್ತೇನೆ. ಮೂರು ದಿನ ಹರಿಯುವ ನೀರಿನಲ್ಲಿಟ್ಟ ಮೇಲೆ, ಬುಟ್ಟಿಯ ನಡುವಿನಿಂದ ಒಂದು ಚೂರು ತೆಗೆದು ಕೆಳದುಟಿಗೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು. ನಾಲ್ಕು ಬಿಂದಿಗೆ ನೀರು ಸೇದುವಷ್ಟು ಹೊತ್ತು. ನುಂಗಬಾರದು. ತುಟಿ ಜುಮ್ಮೆಂದರೆ ಬುಟ್ಟಿ ಮತ್ತೆ ಎರಡು ದಿನ ನೀರಿಗೆ. ಆಮೇಲೂ ಜುಮ್ಮೆಂದರೆ ಮತ್ತೆ ಎರಡು ದಿನ. ಏನೂ ಆಗದಿದ್ದರೆ ಬೇಯಿಸಿ, ತುಟಿಗಿಟ್ಟುಕೊಂಡವಳೇ ಮೊದಲು ತಿನ್ನಬೇಕು, ಅರ್ಧ ದಿನ ಎಲ್ಲರೂ ಅವಳನ್ನು ನೋಡುತ್ತ ಕಾಯಬೇಕು. ಆಮೇಲೆ ಊಟ. ಇಷ್ಟೇ ಅಕ್ಕ. ಮಂತ್ರವಲ್ಲ, ಬೇರಲ್ಲ. ಒಬ್ಬಳ ತುಟಿ.

ಜುಮ್ಮೆನ್ನುವುದು ಎಂದರೆ ಹೇಗೆ ಎಂದು ಬರೆಯಲು ನನಗೆ ಬರುವುದಿಲ್ಲ. ಖಾರದ ಹಾಗಲ್ಲ, ಕಾಲು ಜೋಮು ಹಿಡಿದ ಹಾಗೂ ಅಲ್ಲ. ಅಮ್ಮ ಬೇಕೆಂದೇ ಹದ ಬಾರದ ಚೂರನ್ನು ನನ್ನ ತುಟಿಯೊಳಗಿಟ್ಟು, ನಾನು ಅಳುವವರೆಗೂ ಗಲ್ಲ ಹಿಡಿದುಕೊಂಡು, "ಇದನ್ನ ನೆನಪಿಟ್ಕೋ" ಎಂದಳು. ಟೇಪಿನಲ್ಲಿ ಅವಳು ಹೇಳದೆ ಹೋದದ್ದು ಜಂಬಕ್ಕಲ್ಲ. ಹೇಳಿ ಕೊಡುವ ವಸ್ತುವೇ ಅಲ್ಲ ಅದು.

ನೀನು ಕರೆದರೆ ಬರುತ್ತೇನೆ. ಕರೆಯದಿದ್ದರೂ ತಪ್ಪಿಲ್ಲ.

ಗುಬ್ಬಿ


ಜೂನ್ ೨

ನಿನ್ನ ಕಾಗದ ಬಂತು.

ಒಂದು ಫೋನು. ಒಂದೇ ಒಂದು ಫೋನು ಮಾಡಿದ್ದರೆ ಆ ಮನುಷ್ಯ ಇವತ್ತು ಮೂಲೆಯಲ್ಲಿ ಕೂತು ಛತ್ರಿಗೆ ಕಡ್ಡಿ ಹಾಕುತ್ತಿದ್ದ. ನಿನಗೆ ನನ್ನ ಮುಖ ಸಣ್ಣಗಾಗುವುದು ಬೇಕಿತ್ತು. ನೀನು ಕೊಂದೆ. ನಾನು ಬಡಿಸಿದೆ, ಕೊಂದವಳು ನೀನು.

ಬರಬೇಡ. ಬರೆಯಲೂಬೇಡ.


ನವೆಂಬರ್ ೫

ಗುಬ್ಬಿ,

ಬಾ.

ಕೋಪ ಇಳಿದಿದೆ ಎಂದಲ್ಲ. ಅದು ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ಹಂಗಾಮು ಹತ್ತಿರ ಬಂತು. ಕಚೇರಿಯಿಂದ ನೋಟೀಸು ಬಂದಿದೆ. ಈ ಸಲ ಅಗೆದು ಉಣ್ಣದಿದ್ದರೆ ಗುಡ್ಡ ವಾಪಸ್. ಕೇರಿಯವರನ್ನು ಕೂಡಿಸಿ ಕೇಳಿದೆ. ಅರ್ಧ ಜನ ಹೋಗಲಿ ಬಿಡು, ಗುಡ್ಡ ನಮ್ಮನ್ನು ಮರೆತಿದೆ ಎಂದರು. ಛತ್ರಿ ಅತ್ತೆ ಗೋಡೆಗೊರಗಿ ನಿಂತಿದ್ದಳು. "ಅವನು ತಿಂದ ಗುಡ್ಡಾನ ಬೇಲಿಗೆ ಕೊಡ್ತೀರಾ?" ಎಂದಳು. ಅಷ್ಟಕ್ಕೇ ಸಭೆ ಮುಗಿಯಿತು. ನಮ್ಮ ಹೊಣೆಯ ಮೇಲೆ ತಿನ್ನುತ್ತೇವೆ ಎಂದು ಎಲ್ಲರೂ ಸಹಿ ಹಾಕಿಕೊಟ್ಟ ಮೇಲೆ ಅಧಿಕಾರಿ ಮೊಹರು ತೆಗೆದ.

ಮೊಹರು ತೆಗೆದ ದಿನ ನಾನೇ ಮೊದಲು ಒಳಗೆ ಹೋದೆ. ಎಂಟು ತಿಂಗಳು ಯಾರೂ ಕಾಲಿಡದ ಜಾಗ. ಬೆಂಚಿನ ಮೇಲೆಲ್ಲ ದಪ್ಪ ಧೂಳು, ಮಾವ ಕೂತಿದ್ದ ಜಾಗದಲ್ಲಿ ಮಾತ್ರ ಇರಲಿಲ್ಲ. ಕಿಟಕಿಯ ಗಾಳಿ ಅಲ್ಲಿಗೆ ಬೀಳುತ್ತದೆ ಎಂದು ಒಲೆಯಕ್ಕ ಹೇಳಿದಳು. ಇರಬಹುದು. ಆಮೇಲೆ ಅವಳೂ ಆ ಜಾಗ ಗುಡಿಸಲಿಲ್ಲ.

ನೀನು ಬರೆದದ್ದನ್ನು ಬಾಯಿಪಾಠ ಆಗುವಷ್ಟು ಓದಿದೆ. ನಾಲ್ಕು ಬಿಂದಿಗೆ ಸರಿ. ಜುಮ್ಮು ಎಂದರೆ ಎಷ್ಟು? ಎಲ್ಲಿಂದ ಎಲ್ಲಿಯವರೆಗೆ? ಅದು ಕಾಗದದಲ್ಲಿಲ್ಲ. ನನ್ನ ತುಟಿಗೆ ಅದು ಬೇಕು.

ಅಕ್ಕ


ನವೆಂಬರ್ ೨೧

ಅಕ್ಕನಿಗೆ,

ಜನವರಿ ಕೊನೆಯಲ್ಲಿ ನಾಲ್ಕು ದಿನ ರಜೆ ಕೊಟ್ಟಿದ್ದಾರೆ. ಅಗೆಯಲು ಅಮ್ಮನ ಹಾರೆ ಇದ್ದರೆ ತೆಗೆದಿಡು, ಇಲ್ಲದಿದ್ದರೆ ಯಾವುದಾದರೂ ಆದೀತು. ಛತ್ರಿ ಅತ್ತೆಗೆ ನಾನು ಏನು ಮಾಡಿದೆ ಎಂದು ಮೊದಲೇ ಹೇಳಿಬಿಡು. ಅವಳು ಊರೊಳಗೆ ಬರಬೇಡ ಎಂದರೆ ಹಳ್ಳದ ದಂಡೆಯಿಂದಲೇ ಹಿಂದಿರುಗುತ್ತೇನೆ.

ನನ್ನನ್ನು ಕರೆಯಲು ಬಸ್ಸಿನ ಹತ್ತಿರ ಬರಬೇಡ. ದಾರಿಯಲ್ಲಿ ಏನು ಮಾತಾಡುವುದು ಎಂದು ಈಗಲೇ ಹೆದರಿಕೆ.

ಗುಬ್ಬಿ


ಫೆಬ್ರವರಿ ೭

ಗುಬ್ಬಿ,

ನೀನು ಹೋಗಿ ಹತ್ತು ದಿನವಾಯಿತು. ಬಿಟ್ಟುಹೋದ ಸ್ವೆಟರು ಇಲ್ಲೇ ಇದೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ. ನಿನ್ನೊಡನೆ ನಾಲ್ಕು ದಿನ ಇದ್ದೂ ಒಂದು ಮಾತು ಹೇಳಲಾಗಲಿಲ್ಲ. ಅದನ್ನು ಬರೆದೇ ಮುಂದಿನದನ್ನು ಬರೆಯಬೇಕು.

ಹಳ್ಳದ ದಂಡೆಯಲ್ಲಿ ನೀನು ಹದ ಬಾರದ ಚೂರನ್ನು ನನ್ನ ತುಟಿಯೊಳಗಿಟ್ಟು ಗಲ್ಲ ಹಿಡಿದುಕೊಂಡೆಯಲ್ಲ, ನಾನು ಎದ್ದು ಬಂಡೆಯ ಹಿಂದೆ ಓಡಿದೆ. ವಾಂತಿ ಬಂತೆಂದು ನೀನು ನೀರು ತಂದೆ. ವಾಂತಿಯಲ್ಲ. ತುಟಿ ಜುಮ್ಮೆಂದ ಆ ಕ್ಷಣ ಛತ್ರಿ ಮಾವನ ದನಿ ಕೇಳಿತು. ಆವತ್ತು ಎರಡನೇ ತಟ್ಟೆ ಮುಗಿಸಿ ನನ್ನ ಮುಂದೆ ಬಂದು ನಿಂತಾಗ ಅವನು ಹೇಳಿದ್ದ, "ತುಟಿ ಜುಮ್ ಅಂತಿದೆ ಮಗಳೇ. ಮೂವತ್ತು ವರ್ಷ ಆದ್ಮೇಲೆ ಮುಟ್ತಲ್ಲ, ಅದಕ್ಕಿರ್ಬೇಕು." ನಾನು ನಕ್ಕೆ. "ಹಾಗಾದ್ರೆ ಇನ್ನೊಂದು ತುಂಡು ಹಾಕ್ಕೋ ಮಾವ" ಎಂದು ಬಡಿಸಿದೆ.

ಹನ್ನೊಂದು ತಿಂಗಳು ಇದನ್ನು ಯಾರಿಗೂ ಹೇಳಿಲ್ಲ. ನೀನು ಕೊಂದೆ ಎಂದು ಬರೆದಾಗಲೂ ಈ ಮಾತು ನನ್ನ ಬಾಯಲ್ಲೇ ಇತ್ತು. ನಿನ್ನ ಕೊನೆಮಾತನ್ನು ಓದಿದ ದಿನವೇ ಗೊತ್ತಾಗಿತ್ತು, ಅವನು ಹೇಳಿದ್ದು ಅದನ್ನೇ ಎಂದು. ಅದಕ್ಕೇ ಅಷ್ಟು ಕೆಟ್ಟದಾಗಿ ಬರೆದೆ. ನೀನು ಗೊತ್ತಿದ್ದು ಹೇಳಲಿಲ್ಲ. ನನಗೆ ಮಾವ ಎದುರಿಗೆ ನಿಂತು ಹೇಳಿದರೂ ನಾನು ಕೇಳಿಸಿಕೊಳ್ಳಲಿಲ್ಲ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು ಎಂದು ತೂಗುವುದನ್ನು ಬಿಟ್ಟಿದ್ದೇನೆ, ನೀನೂ ಬಿಡು.

ಐದನೇ ತಾರೀಖು, ಊಟದ ಹಿಂದಿನ ದಿನ, ಎಲ್ಲರನ್ನೂ ಅಡುಗೆಮನೆಯಲ್ಲಿ ಕೂರಿಸಿ ಹೇಳಿದೆ. ಅಮ್ಮ ನನಗೆ ಕಲಿಸಿರಲಿಲ್ಲ, ಕಲಿಸಿದ್ದು ತಂಗಿಗೆ ಎಂದೆ. ನಿನ್ನ ವಿಷಯ ಅತ್ತೆಗೆ ನೀನು ಬರುವ ಮೊದಲೇ ಹೇಳಿದ್ದೆನಲ್ಲ, ಉಳಿದವರಿಗೆ ಅಂದೇ ಗೊತ್ತಾದದ್ದು. ಮಾವ ಹೇಳಿದ್ದನ್ನೂ, ನಾನು ನಕ್ಕದ್ದನ್ನೂ ಹೇಳಿದೆ. ಹೇಳುವಾಗ ಛತ್ರಿ ಅತ್ತೆಯನ್ನೇ ನೋಡಿ ಹೇಳಿದೆ. ಒಲೆಯಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಇನ್ನು ಅವಳು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಗ್ಗೆ ಹಳ್ಳದಿಂದ ಬುಟ್ಟಿ ತಂದು ತೊಟ್ಟಿಯ ಹತ್ತಿರ ಇಟ್ಟೆವು. ಕಚೇರಿಯವನು ಕುರ್ಚಿ ಹಾಕಿಕೊಂಡು ಕೂತಿದ್ದ. ನೀನು ಕಲಿಸಿದ ಹಾಗೆ ನಡುವಿನಿಂದ ಚೂರು ತೆಗೆದು ತುಟಿಯೊಳಗಿಟ್ಟುಕೊಂಡೆ. ಒಲೆಯಕ್ಕ ಬಾಗಿಲಾಚೆಯ ಬಾವಿಯಿಂದ ನಾಲ್ಕು ಬಿಂದಿಗೆ ಸೇದಿದಳು. ಏನೂ ಆಗಲಿಲ್ಲ. ಇನ್ನೊಂದು ಬಿಂದಿಗೆ ಸೇದಿಸಿದೆ. ಆಗಲೂ ಏನೂ ಇಲ್ಲ. ಚೂರು ಉಗುಳಿ, ಆಯ್ತು, ಒಲೆ ಹಚ್ಚಿ ಎಂದೆ. ಹಾಗೆನ್ನುವಾಗ ಎಷ್ಟು ಹಗುರಾಗಿದ್ದೆ ಎಂದು ನಿನಗೆ ಹೇಗೆ ಹೇಳಲಿ.

"ಇರು" ಎಂದಳು ಛತ್ರಿ ಅತ್ತೆ. ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು. ನೇರ ಬಂದು ಬುಟ್ಟಿಯ ಮುಂದೆ ಕೂತಳು. "ನಿನ್ನ ತುಟೀನ ನಾನು ನಂಬಲ್ಲ. ಆ ಜುಮ್ಮು ನನಗೆ ಗೊತ್ತು. ಅವನ ಪಕ್ಕ ಕೂತು ನಾನೂ ತಿಂದಿದ್ದೆ."

ತಾನೇ ಚೂರು ಮುರಿದು ಇಟ್ಟುಕೊಂಡು ಕಣ್ಣು ಮುಚ್ಚಿದಳು. ಒಲೆಯಕ್ಕ ಮತ್ತೆ ಬಿಂದಿಗೆ ಇಳಿಬಿಟ್ಟಳು. ಒಂದು, ಎರಡು, ಮೂರು. ಅರವತ್ತು ಜನ ಒಬ್ಬ ಮುದುಕಿಯ ಬಾಯಿ ನೋಡುತ್ತಿದ್ದರು. ನಾಲ್ಕನೆಯದು ಮೇಲೆ ಬಂದಾಗ ಅತ್ತೆ ಚೂರನ್ನು ಅಂಗೈಗೆ ಉಗುಳಿ, ಸೆರಗಿನಲ್ಲಿ ತುಟಿ ಒರೆಸಿಕೊಂಡಳು.

"ಇನ್ನೂ ಎರಡು ದಿನ" ಎಂದಳು.

ಕಚೇರಿಯವನು ಗಡಿಯಾರ ನೋಡಿಕೊಂಡು, ಎರಡು ದಿನ ಬಿಟ್ಟು ಬರುತ್ತೇನೆ ಎಂದು ಎದ್ದ. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಅವಳಿಗೆ ನಿಜವಾಗಿ ಜುಮ್ಮೆಂದಿತೋ, ನನ್ನ ತುಟಿಯೇ ತಪ್ಪಿತೋ, ಇಲ್ಲ ಅವಳಿಗೆ ಆ ದಿನದ ಜುಮ್ಮು ಇನ್ನೂ ಹೋಗಿಯೇ ಇಲ್ಲವೋ, ನಾನು ಕೇಳಲಿಲ್ಲ. ಇನ್ನು ಮುಂದೆಯೂ ಕೇಳುವುದಿಲ್ಲ. ಕೊನೆಮಾತು ಇನ್ನು ಅವಳದು. ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಹಳ್ಳಕ್ಕೆ ಹೋಗಿ, ನೀರಿಗಿಳಿಸಿ ಬಂದೆ.

ಅಕ್ಕ